ಅಳೆಯೋ ಕೆಲಸ ಮಲೆನಾಡಲ್ಲಿದೆ, ಅಳೆಯೋ ಹುಡುಗ್ರು ಬೆಂಗಳೂರಲ್ಲಿದಾರೆ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಭೂದಾಖಲೆಗಳ ಉಪನಿರ್ದೇಶಕರೇ, ಹಾಗೇ ಈ ಜಿಲ್ಲೆಯ ಪಿಯು, ಐಟಿಐ, ಡಿಪ್ಲೊಮಾ, ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲರೇ,

ನಮಸ್ಕಾರ. ಅರ್ಜಿ ಬರೆದು ಟಪಾಲಿಗೆ ಕೊಟ್ರೆ ಒಂದು ಇನ್‌ವರ್ಡ್ ನಂಬರ್ ಸಿಗ್ತದೆ, ಉತ್ರ ಯಾವಾಗಲೋ, ಅದಕ್ಕೆ ನಾಲ್ಕು ಜನ ಓದೋ ಹಾಗೆ ಬಹಿರಂಗವಾಗೇ ಬರೀತಿದ್ದೀನಿ, ತಪ್ಪು ತಿಳ್ಕೋಬೇಡಿ. ನಾನು ಹೊಸನಗರ ತಾಲೂಕಿನವ, ಸರ್ವೆ ಮತ್ತೆ ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆ ಮಾಡೋ) ಕೆಲಸಾನೇ ಹೊಟ್ಟೆಪಾಡು. ಕೆಲವು ವರ್ಷ ಬೆಂಗಳೂರಲ್ಲಿ ಒಂದು ಕಂಪ್ನಿಲಿ ಕೂತು, ಜನ್ಮದಲ್ಲಿ ಕಾಲಿಡದ ದೇಶದ ರಸ್ತೆ, ಮನೆ ಸೂರು, ಪಾರ್ಕಿಂಗ್ ಜಾಗಕ್ಕೆಲ್ಲ ಸ್ಯಾಟಲೈಟ್ ಫೋಟೋ ಮೇಲೆ ಮೌಸಲ್ಲಿ ಗೆರೆ ಎಳೆದಿದ್ದೀನಿ, ಈಗ ಊರಲ್ಲೇ ಒಂದು ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯೋ ಉಪಕರಣ) ಇಟ್ಕೊಂಡು, ಬೇಕಾದಾಗ ರೋವರ್ (ಉಪಗ್ರಹದ ಸಿಗ್ನಲಲ್ಲಿ ಅಳೆಯೋ ಉಪಕರಣ) ಬಾಡಿಗೆಗೆ ತಂದು ತೋಟ, ಕೆರೆ, ಲೇಔಟ್ ಅಂತ ಖಾಸಗಿ ಅಳತೆ ಮಾಡ್ಕೊಂಡಿದ್ದೀನಿ. ಹೇಳೋದು ಒಂದೇ ವಿಷ್ಯ. ಈ ಜಿಲ್ಲೇಲಿ ಅಳೆಯೋ ಕೆಲಸ ರಾಶಿ ಬಿದ್ದಿದೆ, ಓದು ಮುಗಿಸಿ ಕೆಲಸ ಇಲ್ಲ ಅಂತ ಕೂತಿರೋ ಹುಡುಗ್ರು ಹುಡುಗೀರೂ ಬೇಕಾದಷ್ಟು ಇದಾರೆ, ಇವೆರಡನ್ನ ಜೋಡಿಸೋಕೆ ನಿಮ್ಮ ಆಫೀಸಿಂದ ಮಾತ್ರ ಆಗ್ತದೆ.

ಮೊದ್ಲು ಜಮೀನಿನ ವಿಷ್ಯವೇ ತಗೊಳ್ಳಿ, ನಮ್ಮ ಕಡೆ ಮುಕ್ಕಾಲು ಜಗಳ ಅಲ್ಲಿಂದ್ಲೇ ಶುರು. ದರಖಾಸ್ತಲ್ಲಿ ಮಂಜೂರಾದ ಜಾಗ, ಪಹಣೀಲಿ ಅಜ್ಜನ ಹೆಸರಿದೆ, ಪೋಡಿ (ಅಳೆದು ಬೇರೆ ನಂಬರ್ ಮಾಡೋದು) ಆಗಿಲ್ಲ, ಒಂದೇ ಸರ್ವೆ ನಂಬರಲ್ಲಿ ಹತ್ತಾರು ಮಂದಿ, ಆಕಾರ್‌ಬಂದ್ (ಸರ್ವೆ ನಂಬರಿನ ಮೂಲ ವಿಸ್ತೀರ್ಣದ ದಾಖಲೆ) ಹೇಳೋ ವಿಸ್ತೀರ್ಣ ಒಂದಾದ್ರೆ ಪಹಣಿ ಎಲ್ಲ ಕೂಡಿಸಿದ್ರೆ ಬರೋದು ಇನ್ನೊಂದು. ಅಣ್ಣ ತಮ್ಮ ಪಾಲಾಗ್ಬೇಕು ಅಂದ್ರೆ 11ಇ ನಕ್ಷೆ (ಪಾಲಾಗೋ ತುಂಡಿನ ನಕ್ಷೆ) ಬೇಕು, ಪಕ್ಕದವ್ರು ಧರೆ (ಮಣ್ಣಿನ ದಿಣ್ಣೆ) ಕಡಿದು ಒತ್ತಿಕೊಂಡ್ರು ಅಂದ್ರೆ ಹದ್ದುಬಸ್ತಿಗೆ (ಗಡಿ ಗುರುತಿಸೋಕೆ) ಅರ್ಜಿ ಹಾಕ್ಬೇಕು, ಎಲ್ಲದಕ್ಕೂ ಸರ್ವೆಯರ್ ಬಂದೇ ಆಗ್ಬೇಕು. ಬರೋದಿಲ್ಲ ಅಂತಲ್ಲ, ಪಾಪ ಅವ್ರಿಗೂ ಹೋಬಳಿ ತುಂಬ ಫೈಲು, ಮೇಲಿಂದ ಟಾರ್ಗೆಟ್ಟು, ಅದ್ರ ಮೇಲೆ ನಮ್ಮ ಮಳೆ. ಜೂನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹುಲಿಕಲ್ ಕಡೆ ಉಪಕರಣ ಹೊರಗೆ ತೆಗೆಯೋದೇ ಕಷ್ಟ, ಇಂಬಳ (ಜಿಗಣೆ) ಬೇರೆ. ವರ್ಷದಲ್ಲಿ ನೆಟ್ಟಗೆ ಕೆಲಸ ಮಾಡೋಕೆ ಸಿಗೋದು ಏಳೆಂಟು ತಿಂಗಳು ಅಷ್ಟೆ, ಅದ್ರಲ್ಲಿ ಅಡಿಕೆ ಕೊನೆಕೊಯ್ಲು ಟೈಮಲ್ಲಿ ಸಾಕ್ಷಿಗೆ ಅಕ್ಕಪಕ್ಕದವ್ರೂ ಸಿಗಲ್ಲ.

ಹಳೇ ಟಿಪ್ಪಣಿ (ಸರ್ವೆಯವ್ರು ಅಳತೆ ಬರೆದಿಟ್ಟ ಹಾಳೆ) ನೋಡಿದ್ರೆ ನಂಗೆ ಈಗ್ಲೂ ಕೈ ಮುಗಿಬೇಕು ಅನ್ಸತ್ತೆ. 33 ಅಡಿ ಸರಪಳಿ, ಅದ್ರಲ್ಲಿ 16 ಆಣೆ, ಸರಪಳಿ ಉದ್ದ ಸರಪಳಿ ಅಗಲ ಒಂದು ಗುಂಟೆ, ಅಂದ್ರೆ 1089 ಚದರಡಿ, ಅಂಥ 40 ಸೇರಿದ್ರೆ ಎಕರೆ. ಕಾಡು ಮೇಡು ಹಳ್ಳ ಎಲ್ಲ ದಾಟಿ ಸರಪಳಿ ಎಳೆದು ಬಾಂದು ಕಲ್ಲು ನೆಟ್ಟವ್ರು ಅವ್ರು. ಆದ್ರೆ ಆ ಕಲ್ಲು ಎಷ್ಟೋ ಕಡೆ ಈಗ ಇಲ್ಲ, ಕೆಲವು ಯಾರದ್ದೋ ಮನೆ ಮೆಟ್ಟಿಲಾಗಿದಾವೆ (ಯಾರದ್ದು ಅಂತ ಊರಿಗೆಲ್ಲ ಗೊತ್ತಿರ್ತದೆ), ಹಳ್ಳ ದಿಕ್ಕು ಬದಲಿಸಿದೆ, ಟಿಪ್ಪಣಿ ಹಾಳೆ ಮುಟ್ಟಿದ್ರೆ ಪುಡಿ. ಈಗ ಭೂ ಸುರಕ್ಷಾ ಅಂತ ತಾಲೂಕು ಆಫೀಸಿನ ಹಳೇ ದಾಖಲೆ ಎಲ್ಲ ಸ್ಕ್ಯಾನ್ ಮಾಡಿಸ್ತಿರೋದು ಭಾಳ ಒಳ್ಳೇ ಕೆಲಸ, ಅದಕ್ಕೆ ಮನಸಾರೆ ಥ್ಯಾಂಕ್ಸ್. ಆದ್ರೆ ಸ್ಕ್ಯಾನ್ ಆಗಿರೋದು ಚಿತ್ರ ಮಾತ್ರ. ಆ ಚಿತ್ರವನ್ನ ನೆಲಕ್ಕೆ ಕೂರಿಸೋಕೆ ಜನ ಬೇಕು.

ಜನ ಅಂದ ತಕ್ಷಣ ಕೆಲವ್ರು ಹೇಳ್ತಾರೆ, ಈಗ ಎಲ್ಲಾ ಮೊಬೈಲಲ್ಲೇ ಬರ್ತದಲ್ಲ ಮಾರಾಯ್ರೆ, ದಿಶಾಂಕ್ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರ್ ತೋರಿಸ್ತದೆ ಅಂತ. ದಿಶಾಂಕ್ ನಾನೂ ದಿನಾ ತೆಗೀತೀನಿ, ಒಳ್ಳೇ ಆ್ಯಪು, ಯಾವ ಸರ್ವೆ ನಂಬರಿನ ಹತ್ರ ಇದ್ದೀವಿ ಅಂತ ಅಂದಾಜು ಸಿಗೋಕೆ ಸಾಕು. ಗಡಿ ತೀರ್ಮಾನಕ್ಕೆ ಅದಲ್ಲ. ಯಾಕೆ ಅಂದ್ರೆ ಬಯಲಲ್ಲಿ ನಿಂತ್ರೇನೇ ಫೋನ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೋಗ್ತದೆ, ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ, ಲೆಕ್ಕ ಹಾಕಿ, ಹತ್ತಿರ ಹತ್ತಿರ ಎರಡು ಸಾಲು ಅಡಿಕೆ ಮರ ಈ ಕಡೆ ಮನೆಯಿಂದ ಆ ಕಡೆ ಮನೆಗೆ ಹೋಯ್ತು. ಎರಡು ಸಾಲು ಮರಕ್ಕೆ ನಮ್ಮಲ್ಲಿ ಕೊಡಲಿ ಎತ್ತಿದವ್ರಿದಾರೆ. ಫೋನ್ ಹಿಡ್ಕೊಂಡು ಬೇಲಿ ಕೀಳೋಕೆ ಹೊರಟವ್ರಿಗೆ ಇದನ್ನ ಹೇಳಿ ಹೇಳಿ ನಂಗೆ ಸಾಕಾಗಿದೆ.

ಇನ್ನು ರೋವರ್. ಇಲಾಖೆ ಸರ್ವೆಯರ್‌ಗಳಿಗೆ ಈಗ ರೋವರ್ ಬಂದಿದೆ, ಜಿಪಿಎಸ್ಸು, ಗ್ಲೋನಾಸು, ಗೆಲಿಲಿಯೋ, ನಮ್ಮದೇ ನಾವಿಕ್, ಹೀಗೆ ಬೇರೆ ಬೇರೆ ಉಪಗ್ರಹ ವ್ಯವಸ್ಥೆಯ ಸಿಗ್ನಲ್ ಹಿಡಿದು ಒಂದೆರಡು ಸೆಂಟಿಮೀಟರ್ ನಿಖರತೆ ಕೊಡೋ ಉಪಕರಣ. ಬಯಲುಸೀಮೆಗೆ ಅದು ವರ. ಜೋಳದ ಹೊಲದಲ್ಲಿ ಕೋಲು ನೆಟ್ಟು, ಮಟ್ಟದ ಗುಳ್ಳೆ ನಡೂಕೆ ತಂದು, ಬಟನ್ ಒತ್ತಿದ್ರೆ ಆಯ್ತು. ಅದೇ ಕೋಲನ್ನ ನಮ್ಮ ತೋಟದ ಒಳಗೆ ತಗೊಂಡು ಬನ್ನಿ. ಮೇಲೆ ಅಡಿಕೆ ಸೋಗೆ, ಅದ್ರ ಮೇಲೆ ಬೆಟ್ಟದ ಹಲಸು, ಧೂಪದ ಮರ, ಪಕ್ಕದಲ್ಲಿ ಮೂರಾಳೆತ್ತರದ ಧರೆ. ಸಿಗ್ನಲ್ ಎಲೆಗೆ ತಾಗಿ, ಧರೆಗೆ ಬಡಿದು ಸುತ್ತಿ ಬಳಸಿ ಬರ್ತದೆ, ಕಂಟ್ರೋಲರ್ ಸ್ಕ್ರೀನಲ್ಲಿ ಫಿಕ್ಸ್ (ಜಾಗ ಗಟ್ಟಿ) ಅಂತ ತೋರಿಸ್ತಾ ಇದ್ದಿದ್ದು ಫ್ಲೋಟ್ (ಬರೀ ಅಂದಾಜು) ಅಂತ ಆಗ್ತದೆ, ಆ ಹೊತ್ತಿಗೆ ತಾಳ್ಮೆ ತಪ್ಪಿ ಪಾಯಿಂಟ್ ಸೇವ್ ಮಾಡಿದ್ರೆ ಅರ್ಧ ಮೀಟರೋ ಒಂದು ಮೀಟರೋ ಗೋತ. ಇದ್ರ ಮೇಲೆ ಇನ್ನೊಂದು ತಾಪತ್ರಯ, ಕೋರ್ಸ್ (CORS) ಅನ್ನೋ ಸ್ಥಿರ ಸ್ಟೇಷನ್ನಿಂದ ಬರೋ ತಿದ್ದುಪಡಿ ಡೇಟಾ ಮೊಬೈಲ್ ನೆಟ್ ಮೇಲೆ ಬರ್ಬೇಕು, ಶರಾವತಿ ಹಿನ್ನೀರಿನ ಕರೂರು ಕಡೆ ಎಷ್ಟೋ ಹಳ್ಳೀಲಿ ಫೋನ್ ಮಾತಾಡೋಕೇ ಗುಡ್ಡ ಹತ್ಬೇಕು, ಇನ್ನು ಡೇಟಾ ಎಲ್ಲಿಂದ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಮೊದ್ಲು ತೋಟದ ಹೊರಗೆ ಆಕಾಶ ಕಾಣೋ ಗದ್ದೇಲಿ ಒಂದಕ್ಕೊಂದು ಕಾಣೋ ಹಾಗೆ ಎರಡು ಪಾಯಿಂಟ್ ರೋವರಲ್ಲಿ ಗಟ್ಟಿ ಮಾಡ್ಕೋಬೇಕು, ನೆಟ್ ಇಲ್ಲದ ಕಡೆ ನಮ್ಮದೇ ಬೇಸ್ (ತಿದ್ದುಪಡಿ ಕಳಿಸೋ ಉಪಕರಣ) ಇಟ್ಟು ರೇಡಿಯೋದಲ್ಲಿ ಓಡಿಸ್ಬೇಕು, ಆ ಎರಡು ಪಾಯಿಂಟಿಂದ ಟೋಟಲ್ ಸ್ಟೇಷನ್ ಇಟ್ಟು ಕಾದಿಗೆ (ತೋಟದ ಬಸಿಗಾಲುವೆ) ಹಿಡ್ಕೊಂಡು, ಮರದ ಸಂದೀಲಿ ಪ್ರಿಸಂ (ಬೆಳಕು ವಾಪಸ್ ಕಳಿಸೋ ಗಾಜು) ಕಾಣೋ ಹಾಗೆ ಒಂದೊಂದೇ ಹೆಜ್ಜೆ ಒಳಗೆ ಹೋಗ್ಬೇಕು, ವಾಪಸ್ ಬಂದು ಶುರು ಮಾಡಿದ ಪಾಯಿಂಟಿಗೇ ಮುಚ್ಚಿ ಎಷ್ಟು ವ್ಯತ್ಯಾಸ ಬಂತು ಅಂತ ನೋಡ್ಬೇಕು. ಇಷ್ಟನ್ನ ಯೂಟ್ಯೂಬ್ ನೋಡಿ ಕಲಿಯೋಕೆ ಆಗಲ್ಲ. ಇಂಜಿನಿಯರಿಂಗ್ ಕಾಲೇಜಿನ ಗ್ರೌಂಡಲ್ಲಿ, ಇಂಟರ್‌ಲಾಕ್ ಹಾಕಿದ ನೆಲದ ಮೇಲೆ ಟ್ರೈಪಾಡ್ ನಿಲ್ಸಿ ಕಲಿತವ್ರೂ ಇಲ್ಲಿ ಬಂದು ಒಂದು ವಾರ ಒದ್ದಾಡ್ತಾರೆ. ಇಲ್ಲಿಯ ನೆಲದಲ್ಲೇ, ಗೊತ್ತಿರೋವ್ರ ಜೊತೆ ಒಂದು ಸೀಸನ್ ಓಡಾಡಿದ್ರೆ ಮಾತ್ರ ಕೈಗೆ ಬರೋ ವಿದ್ಯೆ ಇದು, ಆ ನೆಲದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಿಂತ ಬೇಗ ಇನ್ಯಾರು ಕಲೀತಾರೆ ಹೇಳಿ.

ಕಾಡಿನ ವಿಷ್ಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಮಲೆನಾಡಲ್ಲಿ ಮ್ಯಾಪ್ ಅಂದ್ರೆ ಭಯ ಬರೋಕೆ ಕಾರಣ ಇದೇ. ಇಸ್ರೋ ಅಧ್ಯಕ್ಷರಾಗಿದ್ದ ಕಸ್ತೂರಿರಂಗನ್ ಅವ್ರ ಸಮಿತಿ 2013ರಲ್ಲಿ ಪಶ್ಚಿಮಘಟ್ಟದ ಬಗ್ಗೆ ವರದಿ ಕೊಟ್ಟಿದ್ದು, ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ, ಆಮೇಲೆ ಒಂದರ ಹಿಂದೆ ಒಂದು ಕರಡು ಅಧಿಸೂಚನೆ, 2024ರ ಜುಲೈನಲ್ಲಿ ಬಂದಿದ್ದು ಆರನೇದು. ಪ್ರತಿ ಸಲಾನೂ ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಸಭೆ, ಮೆರವಣಿಗೆ. ನಾನು ವರದಿ ಪರ, ವಿರೋಧ ಅಂತ ಇಲ್ಲಿ ವಾದ ಮಾಡಲ್ಲ, ಅದು ಬೇರೆ ಪತ್ರ. ನಂಗೆ ಬೇಜಾರು ಬೇರೆ ಕಡೆ. ಸಮಿತಿ ಬಳಸಿದ ಸ್ಯಾಟಲೈಟ್ ಫೋಟೋದಲ್ಲಿ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ 24 ಮೀಟರ್ ಉದ್ದ 24 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಐದೂವರೆ ಗುಂಟೆಗೂ ಮೇಲೆ. ಅಷ್ಟು ಜಾಗದಲ್ಲಿ ಎರಡು ಗುಂಟೆ ತೋಟ, ಒಂದು ಗುಂಟೆ ಅಂಗಳ, ಉಳಿದಿದ್ದು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಇದ್ರೂ ಬರೋದು ಒಂದೇ ಬಣ್ಣ. ಮೇಲಿಂದ ನೋಡಿದ್ರೆ ನೆರಳಿನ ಮರ ಇರೋ ಏಲಕ್ಕಿ, ಕಾಫಿ ತೋಟಾನೂ ಹಸಿರು, ಕಾನೂ (ದಟ್ಟ ಕಾಡು) ಹಸಿರು. ಈಗ ಯುರೋಪಿನ ಸೆಂಟಿನೆಲ್ 2 ಫೋಟೋ ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೋಬಹುದು, ಅದ್ರಲ್ಲಿ ಚುಕ್ಕೆ 10 ಮೀಟರ್, ಹತ್ತಿರ ಹತ್ತಿರ ಒಂದು ಗುಂಟೆಗೆ ಒಂದು ಚುಕ್ಕೆ. ಊರಿನ ನಾಲ್ಕು ಹುಡುಗ್ರು ಬೇಸಿಗೇಲಿ ಓಡಾಡಿ, ಇದು ತೋಟ, ಇದು ಕಾನು, ಇದು ಅಕೇಶಿಯಾ ಪ್ಲಾಂಟೇಶನ್ ಅಂತ ಪಾಯಿಂಟ್ ಹಾಕ್ಕೊಂಡು ಬಂದು ಕಂಪ್ಯೂಟರಿಗೆ ಕಲಿಸಿದ್ರೆ, ಗ್ರಾಮ ಪಂಚಾಯ್ತಿ ಆಕ್ಷೇಪಣೆ ಕೊಡೋವಾಗ 'ನಮ್ಮ ಊರು ಬಿಡಿ' ಅಂತ ಒಂದು ಸಾಲಿನ ಠರಾವಿನ ಬದ್ಲು ನಕ್ಷೆಯನ್ನೇ ಎದುರಿಗೆ ಇಡಬಹುದಿತ್ತು. ಉಳಿಸ್ಬೇಕು ಅನ್ನೋವ್ರೂ ಇಡಬಹುದಿತ್ತು, ಬೇಡ ಅನ್ನೋವ್ರೂ ಇಡಬಹುದಿತ್ತು.

ಇನ್ನೂ ಇದೆ. ಲಿಂಗನಮಕ್ಕಿ ಕಟ್ಟಿ ಮುಗಿದಿದ್ದು 1964ರಲ್ಲಿ, ಮುಳುಗಡೆ ಆಗಿ ಬಂದವ್ರ ಜಾಗ ಕಾಡೋ ಕಂದಾಯವೋ ಅನ್ನೋದು ಮೊಮ್ಮಕ್ಕಳ ಕಾಲಕ್ಕೂ ಬಗೆಹರಿದಿಲ್ಲ. ಬಗರ್ ಹುಕುಂ ಅರ್ಜಿಗೆ ಆ ಕಾಲದಲ್ಲಿ ಸಾಗುವಳಿ ಇತ್ತಾ ಅಂತ ಈಗ ಸ್ಯಾಟಲೈಟ್ ಚಿತ್ರ ತಾಳೆ ನೋಡ್ತಾರೆ, ಅರಣ್ಯ ಹಕ್ಕು ಕಾಯ್ದೆ ಅರ್ಜಿಗೆ ಜಿಪಿಎಸ್ ಅಳತೆ. ಯೋಜನೆಗೆ ಕಾಡು ಕೇಳೋವ್ರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ಕೆಎಂಎಲ್ (ಜಾಗದ ಗಡಿ ಗೆರೆ ಇರೋ) ಫೈಲ್ ಹಾಕ್ತಾರೆ, ಅದನ್ನ ಗೂಗಲ್ ಅರ್ಥಲ್ಲಿ ತೆಗೆದ್ರೆ ಯಾವ ಗುಡ್ಡ, ಯಾವ ಹಳ್ಳ ಅಂತ ಮನೇಲಿ ಕೂತೇ ಕಾಣ್ತದೆ. ತಮಗೆ ಸಂಬಂಧಪಟ್ಟ ಫೈಲನ್ನ ತೆಗೆದು ನೋಡೋಕೆ ಬರೋವ್ರು ಊರಿಗೆ ಒಬ್ರಾದ್ರೂ ಇದಾರಾ? ನಮ್ಮೂರಲ್ಲಿ ಕೇಳಿ ನೋಡಿದೆ, ಇಲ್ಲ.

ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡು ಜಗತ್ತಿಗೆಲ್ಲ ಆ ಹೆಸ್ರಲ್ಲೇ ಗೊತ್ತಾದ ಕಾಯಿಲೆ, 2018ರ ಕೊನೇಲಿ ಅರಳಗೋಡಲ್ಲಿ ಶುರುವಾದಾಗ ಏನಾಯ್ತು ಅಂತ ಸಾಗರದವ್ರಿಗೆ ಕೇಳಿ. ಮಂಗ ಸತ್ತ ಜಾಗ, ಉಣುಗು (ಉಣ್ಣೆ ಹುಳ) ಸಿಕ್ಕ ಜಾಗ, ಜ್ವರ ಬಂದ ಮನೆ, ದನ ಮೇಯೋಕೆ ಹೋಗೋ ದಾರಿ, ದರಗು (ಒಣಗಿದ ಎಲೆ) ತರೋ ಬೆಟ್ಟ, ಇದೆಲ್ಲ ಒಂದೇ ನಕ್ಷೆ ಮೇಲೆ ವರ್ಷ ವರ್ಷದ್ದು ಬಂದ್ರೆ ಈ ಸಲ ಯಾವ ಕೇರಿಗೆ ಮೊದ್ಲು ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಎಣ್ಣೆ ಹಂಚ್ಬೇಕು, ಯಾವ ಬೆಟ್ಟಕ್ಕೆ ಹೋಗ್ಬೇಡಿ ಅನ್ಬೇಕು ಅನ್ನೋದು ಆಶಾ ಕಾರ್ಯಕರ್ತೆಯರ ಕೈಲೇ ಇರ್ತದೆ. ವಿಜ್ಞಾನಿಗಳು ಮಾಡ್ತಿದಾರೆ, ಗೊತ್ತು. ಆ ಪಾಯಿಂಟ್ ಸರಿಯಾಗಿ ಹಾಕ್ಕೊಂಡು ಬರೋ ಕಾಲು ಊರಿನದ್ದೇ ಆಗಿರ್ಬೇಕು ಅಂತ ನನ್ನ ಮಾತು. ಹಾಗೇ ಅಡಿಕೆಯ ಎಲೆಚುಕ್ಕಿ ರೋಗ ಯಾವ ಕಣಿವೇಲಿ ಎಷ್ಟು ಹಬ್ಬಿದೆ ಅನ್ನೋದು, ಘಾಟಿ ಕುಸಿಯೋ ಜಾಗ, ಮೆಸ್ಕಾಂ ಕಂಬ, ಶಿವಮೊಗ್ಗ ಸಿಟೀಲಿ ರಸ್ತೆ ಅಗೆದಾಗೆಲ್ಲ ಒಡೆಯೋ ನೀರಿನ ಪೈಪು. ಒಂದೊಂದರ ಬಗ್ಗೆನೂ ಬರೆದ್ರೆ ನೀವು ಓದಲ್ಲ, ಬಿಡ್ತೀನಿ. ಒಂದೇ ಒಂದು, ಮಳೆಗಾಲದಲ್ಲಿ ಮೋಡದ ಕೆಳಗೆ ಮಾಮೂಲಿ ಸ್ಯಾಟಲೈಟಿಗೆ ಏನೂ ಕಾಣಲ್ಲ, ರಾಡಾರ್ ಫೋಟೋ ಬೇಕು, ಅದೂ ಪುಕ್ಕಟೆ ಸಿಗ್ತದೆ, ಓದೋಕೆ ಕಲಿತವ್ರು ಬೇಕು ಅಷ್ಟೆ.

ಈಗ ಮಕ್ಕಳ ಕಡೆಯಿಂದ ನೋಡಿ. ಪಿಯುಸಿ ಸೈನ್ಸ್ ಮುಗಿಸಿದವ್ರಿಗೆ ನಾವು ಹೇಳೋದು ನೀಟು, ಸಿಇಟಿ, ಆಗ್ದಿದ್ರೆ ಬಿಎಸ್ಸಿ. ಬಿಎಯಲ್ಲಿ ಭೂಗೋಳ ತಗೊಂಡ ಹುಡುಗೀಗೆ ಬಿಎಡ್ ಮಾಡು ಅಂತೀವಿ. ಸರ್ಕಾರದ ಭೂಮಾಪಕ ಹುದ್ದೆಗೆ ಗಣಿತ ಓದಿದ ಪಿಯುಸಿ ಸೈನ್ಸ್‌ನವ್ರೂ, ಸಿವಿಲ್ ಡಿಪ್ಲೊಮಾದವ್ರೂ, ಐಟಿಐ ಸರ್ವೆಯರ್ ಟ್ರೇಡಿನವ್ರೂ ಅರ್ಜಿ ಹಾಕಬಹುದು ಅನ್ನೋದೇ ಎಷ್ಟೋ ಮನೇಲಿ ಗೊತ್ತಿಲ್ಲ. ಐಟಿಐಲಿ ಸರ್ವೆಯರ್ ಅಂತ ಎರಡು ವರ್ಷದ ಟ್ರೇಡ್ ಇದೆ ಅಂದ್ರೆ ಹೌದಾ ಅಂತಾರೆ. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ಇದೆ, ಹೈದರಾಬಾದಲ್ಲಿ ಇಸ್ರೋದ ದೂರಸಂವೇದಿ ಕೇಂದ್ರ ಎನ್ಆರ್‌ಎಸ್‌ಸಿ, ಬೆಂಗಳೂರಲ್ಲಿ ರಾಜ್ಯದ ದೂರಸಂವೇದಿ ಕೇಂದ್ರ ಇದೆ, ಶಂಕರಘಟ್ಟದ ಕುವೆಂಪು ವಿವಿಲೇ ಅನ್ವಯಿಕ ಭೂವಿಜ್ಞಾನ ವಿಭಾಗ ಇದೆ. ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ ಐಐಆರ್‌ಎಸ್ ಆನ್‌ಲೈನಲ್ಲಿ ಪುಕ್ಕಟೆ ಕೋರ್ಸ್ ನಡೆಸ್ತದೆ, ನಕ್ಷೆ ಮಾಡೋ ಕ್ಯೂಜಿಐಎಸ್ ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಡ್ಬೇಕಾಗಿಲ್ಲ. ಡ್ರೋನ್ ಹಾರಿಸೋಕೆ 2021ರ ನಿಯಮದ ಪ್ರಕಾರ ಹತ್ತನೇ ಕ್ಲಾಸ್ ಪಾಸಾಗಿ 18 ತುಂಬಿದ್ರೆ ಟ್ರೈನಿಂಗ್ ತಗೊಂಡು ಸರ್ಟಿಫಿಕೇಟ್ ಮಾಡಿಸ್ಕೋಬಹುದು, ಸೋಗಾನೆ ಏರ್‌ಪೋರ್ಟ್ ಆದ್ಮೇಲೆ ಶಿವಮೊಗ್ಗ ಸುತ್ತಮುತ್ತ ಹಾರಿಸೋ ಮುಂಚೆ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ಬೇಕು ಅನ್ನೋದನ್ನ ಮದುವೆ ವಿಡಿಯೋದವ್ರಿಗೂ ಯಾರಾದ್ರೂ ಹೇಳಿದ್ರೆ ಪುಣ್ಯ.

ಮಕ್ಕಳಿಗೆ ಸುಳ್ಳು ಆಸೆ ತೋರಿಸೋಕೆ ನಂಗೆ ಇಷ್ಟ ಇಲ್ಲ, ಅದಕ್ಕೆ ಕಷ್ಟಾನೂ ಹೇಳ್ತೀನಿ. ಬೆಂಗಳೂರಿನ ಗೆರೆ ಎಳೆಯೋ ಕೆಲಸಕ್ಕೆ ಸಂಬಳ ಕಮ್ಮಿ, ನೈಟ್ ಶಿಫ್ಟು, ಈಗಂತೂ ಮನೆ ಸೂರು, ರಸ್ತೆ ಎಲ್ಲ ಎಐ ತಾನೇ ಗುರುತಿಸ್ತದೆ, ಮೌಸ್ ಹಿಡಿಯೋದು ಮಾತ್ರ ಗೊತ್ತಿರೋವ್ರಿಗೆ ಮುಂದೆ ಕಷ್ಟ ಇದೆ. ಲೈಸೆನ್ಸ್ ಸರ್ವೆಯರ್ ಆದ್ರೆ ಫೈಲ್ ಲೆಕ್ಕದಲ್ಲಿ ದುಡ್ಡು, ಫೈಲ್ ಇಲ್ದಿದ್ರೆ ಇಲ್ಲ, ಎರಡೂ ಪಾರ್ಟಿ ಬೈಗುಳ ಉಚಿತ. ಉಳ್ಕೊಳ್ಳೋದು ಯಾರು ಅಂದ್ರೆ ನೆಲದಲ್ಲಿ ಅಳೆಯೋಕೂ ಬಂದು, ಕಂಪ್ಯೂಟರಲ್ಲಿ ಕೂರಿಸೋಕೂ ಬಂದು, ಆಕಾರ್‌ಬಂದ್, ಖರಾಬು (ಸಾಗುವಳಿಗೆ ಬಾರದ ಜಾಗ), ಹಿಸ್ಸಾ (ಪಾಲು) ಇದೆಲ್ಲ ಓದೋಕೂ ಬರೋವ್ರು. ಮೂರೂ ಬರೋವ್ರಿಗೆ ಇಲ್ಲೇ ಕೆಲಸ ಇದೆ, ನಾನೇ ಜನ ಸಿಗದೆ ಕೆಲಸ ವಾಪಸ್ ಕಳಿಸಿದ್ದೀನಿ.

ಬೆಳೆ ಸಮೀಕ್ಷೇಲಿ ನೋಡಿ, ಪಿಆರ್ (ಖಾಸಗಿ ನಿವಾಸಿ) ಅಂತ ಊರಿನ ಹುಡುಗ್ರೇ ಮೊಬೈಲ್ ಹಿಡ್ಕೊಂಡು ಸರ್ವೆ ನಂಬರ್ ಸರ್ವೆ ನಂಬರಿಗೆ ಹೋಗಿ ಬೆಳೆ ಫೋಟೋ ಹೊಡೀತಾರೆ, ತಾಕಿಗೆ ಇಷ್ಟು ಅಂತ ದುಡ್ಡು. ಮಾಡ್ತಿರೋದು ಪಕ್ಕಾ ಜಿಐಎಸ್ ಫೀಲ್ಡ್ ಕೆಲಸ. ಸೀಸನ್ ಮುಗಿದ್ರೆ ಅವ್ರು ಯಾರೋ ನಾವು ಯಾರೋ. ಆ ಹುಡುಗ್ರ ಲಿಸ್ಟ್ ನಿಮ್ಮ ಹತ್ರಾನೇ ಇದೆಯಲ್ಲ, ಅಲ್ಲಿಂದ್ಲೇ ಶುರು ಮಾಡಿ.

ಹೇಗೆ ಅಂತ ನನ್ನ ತಲೇಲಿರೋದು ಹೇಳ್ತೀನಿ. ಪ್ರತಿ ತಾಲೂಕಿನ ಎಡಿಎಲ್ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಆಫೀಸಿಗೆ ಅಕ್ಟೋಬರಿಂದ ಮೇವರೆಗೆ ಐದಾರು ಜನ ಟ್ರೈನೀ ತಗೊಳ್ಳಿ. ಸಹಿ ಹಾಕೋ ಅಧಿಕಾರ ಏನೂ ಬೇಡ, ಸರ್ವೆಯರ್ ಜೊತೆ ಪ್ರಿಸಂ ಹಿಡೀಲಿ, ಬಾಂದು ಕಲ್ಲು ಹುಡುಕ್ಲಿ, ಸಂಜೆ ಡೇಟಾ ಇಳಿಸಿ ಪ್ಲಾಟ್ ಮಾಡ್ಲಿ. ಮಳೆಗಾಲದಲ್ಲಿ ಕಾಲೇಜ್ ಲ್ಯಾಬಲ್ಲಿ ಕೂತು ಸ್ಕ್ಯಾನ್ ಆದ ಹಳೇ ನಕ್ಷೆಗಳನ್ನ ನೆಲಕ್ಕೆ ಕೂರಿಸ್ಲಿ, ಪ್ರಿನ್ಸಿಪಾಲರೇ, ಮಧ್ಯಾಹ್ನದ ಮೇಲೆ ನಿಮ್ಮ ಕಂಪ್ಯೂಟರ್ ಲ್ಯಾಬಿಗೆ ಬೀಗ ಇರ್ತದೆ ಅನ್ನೋದು ನಿಮಗೂ ಗೊತ್ತು ನಂಗೂ ಗೊತ್ತು. ಸ್ಟೈಪೆಂಡ್ ಎಲ್ಲಿಂದ ಅಂತ ಕೇಳ್ತೀರಿ. ಯುವನಿಧಿ ಶುರುವಾಗಿದ್ದೇ 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಲ್ಲಿ, ಕೆಲಸ ಸಿಗದ ಡಿಗ್ರಿಯವ್ರಿಗೆ ತಿಂಗಳಿಗೆ 3000, ಡಿಪ್ಲೊಮಾದವ್ರಿಗೆ 1500 ಅಂತ. ಅದನ್ನ ತಗೊಳ್ತಿರೋ ಮಕ್ಕಳಿಗೆ ಮೇಲೆ ಓಡಾಟದ ಖರ್ಚು, ಮಧ್ಯಾಹ್ನದ ಊಟ ಸೇರಿಸಿದ್ರೂ ಬರೋವ್ರಿದಾರೆ. ಅಪ್ರೆಂಟಿಸ್ ಕಾಯ್ದೆ ಕೆಳಗೆ ತಗೊಳ್ಳೋಕೆ ಆಗ್ತದಾ ಅಂತ ನಿಮ್ಮ ಕಾನೂನಿನವ್ರು ನೋಡ್ಲಿ.

ಹುಡುಗೀರನ್ನ ಅರ್ಧಕ್ಕರ್ಧ ತಗೊಳ್ಳಿ, ಇದನ್ನ ಒತ್ತಿ ಹೇಳ್ತಿದ್ದೀನಿ. ಕಾಡು ಮೇಡಿಗೆ ಹೆಣ್ಮಕ್ಕಳು ಹೇಗೆ ಅಂತ ಕೇಳೋವ್ರ ಮನೇಲೇ ಅಮ್ಮಂದಿರು ದಿನಾ ಬೆಟ್ಟ ಹತ್ತಿ ಸೊಪ್ಪು ತರ್ತಾರೆ.

ಇನ್ನೊಂದು, ಡೇಟಾ. ಕೇಂದ್ರ ಸರ್ಕಾರ 2021ರ ಫೆಬ್ರವರಿ 15ಕ್ಕೆ ಮಾರ್ಗಸೂಚಿ ಹೊರಡಿಸಿ ಭಾರತೀಯರು ನಕ್ಷೆ ಮಾಡೋಕೆ ಮುಂಚೆ ಬೇಕಾಗ್ತಿದ್ದ ಅನುಮತಿ, ಲೈಸೆನ್ಸ್ ಎಲ್ಲ ತೆಗೆದಾಯ್ತು, 2022ರ ಡಿಸೆಂಬರಲ್ಲಿ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತೀನೂ ಬಂತು. ಆದ್ರೂ ಒಂದು ಆಫೀಸಲ್ಲಿ ಗ್ರಾಮದ ಗಡಿ ಫೈಲ್ ಕೇಳಿದ್ರೆ, ಸೆಕ್ಯುರಿಟಿ ವಿಷ್ಯ, ಕೊಡೋಕಾಗಲ್ಲ ಅಂದ್ರು. ದಿಶಾಂಕಲ್ಲಿ ಜಗತ್ತಿಗೇ ಕಾಣೋ ಗಡಿ ಅದು! ಮಾಲೀಕರ ಹೆಸ್ರು ಬೇಡ, ಪಹಣಿ ವಿವರ ಬೇಡ, ಗ್ರಾಮದ ಗಡಿ, ಸರ್ವೆ ನಂಬರ್ ಗಡಿ, ಕೆರೆ, ಹಳ್ಳ, ಇಷ್ಟನ್ನ ಕಾಲೇಜುಗಳು ಪಾಠಕ್ಕೆ ಬಳಸೋ ಹಾಗೆ ಫೈಲಲ್ಲಿ ಕೊಡಿ. ಕಲಿತವ್ರು ನಾಳೆ ಬ್ರೋಕರ್ ಆಗ್ತಾರೆ ಅಂತ ಒಬ್ರು ಅಧಿಕಾರಿ ನಂಗೆ ಹೇಳಿದ್ರು. ಆಗ್ತಾರೆ, ಕೆಲವ್ರು ಆಗ್ತಾರೆ. ಈಗ ಇರೋ ಬ್ರೋಕರ್‌ಗಳು ಏನೂ ಕಲೀದೇನೇ ಆಗಿದಾರಲ್ಲ ಸಾರ್.

ಎಲ್ಲಾ ತಾಲೂಕೂ ಒಟ್ಟಿಗೆ ಆಗಲ್ಲ ಅಂದ್ರೆ ಸಾಗರ ಇಲ್ಲ ಹೊಸನಗರ ಒಂದನ್ನ ತಗೊಂಡು ಒಂದು ಸೀಸನ್ ನಡೆಸಿ ನೋಡಿ. ಮುಂದಿನ ಕೆಡಿಪಿ (ಅಭಿವೃದ್ಧಿ ಕೆಲಸದ ಪರಿಶೀಲನೆ) ಮೀಟಿಂಗಲ್ಲಿ ಈ ವಿಷ್ಯ ಒಂದು ಹತ್ತು ನಿಮಿಷ ಚರ್ಚೆಗೆ ಬರ್ಲಿ. ಕಾಲೇಜಿನವ್ರಿಗೆ ಅಷ್ಟು ಹೊತ್ತು ಕಾಯೋ ಅಗತ್ಯಾನೂ ಇಲ್ಲ, ಲ್ಯಾಬ್ ಕೀ ಕೊಟ್ಟು ಆಸಕ್ತಿ ಇರೋ ಹತ್ತು ಮಕ್ಕಳನ್ನ ಕೂರಿಸಿದ್ರೆ ನಾನು ಶನಿವಾರ ಮಧ್ಯಾಹ್ನ ಟೋಟಲ್ ಸ್ಟೇಷನ್ ಕಟ್ಕೊಂಡು ಬರ್ತೀನಿ, ಪಾಠಕ್ಕೆ ದುಡ್ಡು ಬೇಡ, ಪೆಟ್ರೋಲ್ ಖರ್ಚು ಕೊಟ್ರೆ ಒಳ್ಳೇದು, ಕೊಡದಿದ್ರೂ ಅಡ್ಡಿಲ್ಲ.

ಇಂತಿ,
ಹೊಸನಗರ ತಾಲೂಕಿನ ಒಬ್ಬ ಅಳತೆ ಕೆಲಸದವ